ಪಾಸ್‌ಪೋರ್ಟ್ ಸೈಜಿನ ಭೂಮಣ್ಣಿ ಬುಟ್ಟಿ

ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ನಮ್ಮದೊಂದು ಸಣ್ಣ ಅಂಗಡಿ. ಜೆರಾಕ್ಸ್, ಅರ್ಜಿ ತುಂಬಿಕೊಡುವುದು, ಅರ್ಜೆಂಟ್ ಪಾಸ್‌ಪೋರ್ಟ್ ಸೈಜ್ ಫೋಟೊ. ನಾನೂ ನನ್ನ ಗಂಡನೂ ಇಷ್ಟರಲ್ಲೇ ಹಗಲು ಕಳೆಯುತ್ತೇವೆ. ಪಿಂಚಣಿ ಅರ್ಜಿಗೆಂದು ಬಂದವರನ್ನು ನೀಲಿ ಬಟ್ಟೆಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಮೇಲೆತ್ತಿಸಿ, ಕಣ್ಣು ಮಿಟುಕಿಸದಂತೆ ಬೆದರಿಸಿ ಫೋಟೊ ತೆಗೆಯುವುದು ನನ್ನ ಕೆಲಸ. ಎಲ್ಲರ ಕೈಗೂ ಒಳ್ಳೆಯ ಫೋನು ಬಂದ ಮೇಲೂ ನಾನು ನಮ್ಮ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಬಿಟ್ಟಿರಲಿಲ್ಲ. ಅದು ಅಂಗೈಯಲ್ಲಿ ಕೂರುವಂಥದ್ದು, ಬೆಳ್ಳಿ ಬಣ್ಣ ಹೆಬ್ಬೆರಳು ತಾಗುವ ಕಡೆ ಸವೆದುಹೋಗಿತ್ತು. ಸೆಲ್ ಹಾಕುವ ಮುಚ್ಚಳದ ಕೊಂಡಿ ಮುರಿದದ್ದರಿಂದ ರಬ್ಬರ್ ಬ್ಯಾಂಡ್ ಸುತ್ತಿದ್ದೆ. ಅದರ ಬಗ್ಗೆ ಮಾತ್ರ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಉಳಿದ ಎಲ್ಲದಕ್ಕೂ ನಾನು ಹೆದರುವವಳೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವಳು.

ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಹೊಸಬಾಳೆಯ ಹತ್ತಿರ. ಆ ಕಡೆ ಭೂಮಿ ಹುಣ್ಣಿಮೆಗೆ, ತೆನೆ ಕಟ್ಟುವ ಗದ್ದೆಯನ್ನು ಬಸುರಿ ಎಂದು ತಿಳಿದು, ಬಯಕೆಯ ಅಡುಗೆ ಮಾಡಿ ಹೊತ್ತು ಒಯ್ಯುತ್ತಾರೆ. ಹೊರುವುದು ಭೂಮಣ್ಣಿ ಬುಟ್ಟಿಯಲ್ಲಿ. ದಸರೆ ಮುಗಿಯುತ್ತಿದ್ದಂತೆ ಬಿದಿರಿನ ಆ ಬುಟ್ಟಿ ಅಟ್ಟದಿಂದ ಇಳಿಯುತ್ತದೆ. ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಕಳೆದ ವರ್ಷದ ಚಿತ್ತಾರ ಆ ಕೆಮ್ಮಣ್ಣಿನಡಿ ಹೋಗುತ್ತದೆ, ಅದಕ್ಕೆ ಯಾರೂ ಮರುಗುವುದಿಲ್ಲ. ಗೊಂಬೆಯ ಸಾಲು, ಭತ್ತದ ಸಸಿ ಎಲ್ಲರ ಮನೆಯ ಬುಟ್ಟಿಯ ಮೇಲೂ ಇರುತ್ತವೆ. ನಮ್ಮ ಬುಟ್ಟಿಯಲ್ಲಿ ಗೊಂಬೆಗಳ ಕೆಳಗೆ, ಬುಡದ ಸುತ್ತ ಒಂದು ಜಡೆ ಇರುತ್ತಿತ್ತು. ಎಳೆಗಳು ಒಂದರಡಿ ಒಂದು ನುಸುಳಿ, ಹೊರಟಲ್ಲಿಗೇ ಬಂದು ಕೂಡುತ್ತಿದ್ದವು. ಅವ್ವ ಅದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ನಾನು ಕಲಿಯಲಿಲ್ಲ. ಒಂದು ಕಡೆ ಅಷ್ಟು ಹೊತ್ತು ಕೂತರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

"ಬುಟ್ಟಿ ನೋಡೇ ಭೂಮ್ತಾಯಿ ಮನೆ ಗುರ್ತು ಹಿಡಿಯೋದು. ಇಲ್ದಿದ್ರೆ ಅವ್ಳಿಗೆ ಹ್ಯಾಂಗೆ ಗೊತ್ತಾಗ್ಬೇಕು ಮಾರಾಯ್ತಿ, ಯಾರ್ ಮನೆ ಅನ್ನ ಅಂತ?" ಎಂದು ಅವ್ವ ಪ್ರತಿ ವರ್ಷ ಹೇಳುತ್ತಿದ್ದಳು. ತಮಾಷೆಗೆ ಹೇಳುತ್ತಾಳೆ ಎಂದುಕೊಂಡಿದ್ದೆ.

ಹಿಂದಿನ ಹಬ್ಬಕ್ಕೆ ಹೋದಾಗ ಕ್ಯಾಮೆರಾ ಒಯ್ದಿದ್ದೆ. ಗಿರಾಕಿಗಳು ಹಣ ಹಾಕುವುದು ನನ್ನ ಫೋನಿನ ನಂಬರಿಗೇ ಆದ್ದರಿಂದ ಫೋನು ಅಂಗಡಿಯಲ್ಲೇ ಉಳಿದಿತ್ತು. ಅವ್ವ ಆಗಷ್ಟೇ ಬರೆದು ಮುಗಿಸಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ನಾನು ಫೋಟೊ ತೆಗೆದೆ. ಅವಳು ಕಣ್ಣು ಮುಚ್ಚಿದಳು, ಇನ್ನೊಂದು ತೆಗೆದೆ. ನಕ್ಕಳು, ಮತ್ತೊಂದು ತೆಗೆದೆ. ಅಷ್ಟೇ ನನ್ನ ನೆನಪಿನಲ್ಲಿ ಉಳಿದದ್ದು.

ಯುಗಾದಿ ಕಳೆದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಮಾತು ಅರ್ಧ ಬರುತ್ತಿತ್ತು, ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು. ದಸರೆಯಿಂದ ಅವಳು ದಿನವೂ ಎಡಗೈಯಿಂದ ಅಟ್ಟ ತೋರಿಸಿ ಕಣ್ಣೀರು ಹಾಕುತ್ತಿದ್ದಾಳೆ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಪಾಪ, ಅವಳು ಹೊನ್ನಾಳಿ ಕಡೆಯವಳು, ಬಯಲುಸೀಮೆಯ ಹುಡುಗಿ. ಬುಟ್ಟಿಗೆ ಚಿತ್ತಾರ ಬರೆಯುವುದನ್ನು ನಮ್ಮ ಮನೆಗೆ ಬಂದ ಮೇಲೆಯೇ ಕಂಡವಳು.

"ಅಕ್ಕಾ, ಬುಟ್ಟಿ ಇಳಿಸೀನ್ರಿ. ಅತ್ತಿ ಬರ್ದಿದ್ದು ಇನ್ನೂ ಅಲ್ಲಲ್ಲಿ ಕಾಣ್ತೈತಿ. ಸಾರ್ಸೋಕಿಂತ ಮೊದ್ಲು, ನೋಡ್ಕೊಂಡ್ ಬರ್ಯಾಕ ನನ್ ಫೋನ್ನಾಗ ಒಂದ್ ಫೋಟೊ ಹೊಡ್ಕೊಳ್ಲಾ?"

"ಹೊಗೆ ಹಿಡ್ದಿದ್ದು, ಇಲಿ ಕೆರ್ದಿದ್ದು, ಅದ್ನೇನ್ ಹೊಡ್ಕೊಳ್ತೀಯೆ? ಅವ್ವ ಬರ್ದು ಮುಗ್ಸಿದ್ ದಿನಾನೇ ತೆಗ್ದಿದ್ದು ನನ್ ಕ್ಯಾಮೆರಾದಲ್ಲಿದೆ. ದೊಡ್ಡ ಪ್ರಿಂಟ್ ಹಾಕ್ಸ್ಕೊಂಡ್ ಬರ್ತೀನಿ. ನೀನ್ ಸುಮ್ನೆ ಸಾರ್ಸು."

ಅವಳು ಸಾರಿಸಿದಳು. ಮಧ್ಯಾಹ್ನವೇ ಫೋಟೊ ಕಳಿಸಿದಳು. ಬುಟ್ಟಿ ಇಡೀ ಕೆಂಪಗಿತ್ತು, ಎಲ್ಲೂ ಒಂದು ಬಿಳಿ ಗೆರೆ ಇಲ್ಲ. ಆಗ ನಾನು ಕ್ಯಾಮೆರಾ ಕೈಗೆತ್ತಿಕೊಂಡೆ.

ಅದರಲ್ಲಿ ಆ ದಿನದ ಮುಖಗಳು ಮಾತ್ರ ಇದ್ದವು. ನಮ್ಮ ಅಂಗಡಿಯ ಪದ್ಧತಿಯೇ ಹಾಗೆ. ಒಬ್ಬರ ಫೋಟೊ ಇನ್ನೊಬ್ಬರ ಅರ್ಜಿಗೆ ಅಂಟಿ ರಂಪವಾಗಬಾರದೆಂದು ಸಂಜೆ ಬಾಗಿಲು ಹಾಕುವ ಮುಂಚೆ ನನ್ನ ಗಂಡ ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿಬಿಡುತ್ತಾರೆ. ದಿನವೂ ಕಣ್ಣೆದುರೇ ನಡೆಯುವ ಕೆಲಸ. ಆದರೂ ಅವ್ವನ ಫೋಟೊ ಆ ಅಳಿಸುವುದರಲ್ಲಿ ಸೇರುತ್ತದೆ ಎಂದು ನನಗೆ ಒಂದು ವರ್ಷ ಹೊಳೆದಿರಲಿಲ್ಲ. ಅವ್ವನ ಫೋಟೊವನ್ನು ಕ್ಯಾಮೆರಾ ತಾನೇ ಬೇರೆ ಎತ್ತಿಟ್ಟುಕೊಳ್ಳುತ್ತದೆ ಎಂದುಕೊಂಡಿದ್ದೆನೋ ಏನೋ.

"ರೀ, ಹೋದ್ವರ್ಷದ ಭೂಮಣ್ಣಿ ಬುಟ್ಟಿ ಫೋಟೊ ಕಂಪ್ಯೂಟರಿಗೆ ಹಾಕಿದ್ರಾ?"

"ಯಾವ ಬುಟ್ಟಿ? ನಾನು ಕಾರ್ಡಲ್ಲಿ ಬುಟ್ಟಿ ನೋಡೇ ಇಲ್ವಲ್ಲ ಮಾರಾಯ್ತಿ," ಎಂದರು ಅವರು. ಜೆರಾಕ್ಸ್ ಮಷೀನಿನಿಂದ ತಲೆ ಕೂಡ ಎತ್ತಲಿಲ್ಲ.

ನೋಡೇ ಇಲ್ಲ ಎಂದರೆ ನೋಡದೆಯೇ ಅಳಿಸಿದ್ದಾರೆ ಎಂದು ನಾನು ತಿಳಿದೆ. ಕಂಪ್ಯೂಟರ್ ಪೂರ್ತಿ ಜಾಲಾಡಿದೆ. ಊರವರ ಆಧಾರ್ ಕಾರ್ಡುಗಳು, ಜಾತಿ ಪ್ರಮಾಣಪತ್ರಗಳು, ಯಾರದೋ ಮದುವೆಯ ಕರೆಯೋಲೆ ಸಿಕ್ಕವು. ಬುಟ್ಟಿ ಸಿಗಲಿಲ್ಲ. ಅಟ್ಟದಲ್ಲಿದ್ದ ಜಡೆ, ಅರ್ಧ ಮಾಸಿದ್ದಾದರೂ ಆ ಬೆಳಗಿನವರೆಗೆ ಇತ್ತು. ಒಂದೇ ಫೋನ್ ಮಾತಿನಲ್ಲಿ ಅದಕ್ಕೆ ಮಣ್ಣು ಮೆತ್ತಿಸಿದವಳು ನಾನು. ತಮ್ಮನ ಹೆಂಡತಿಗೆ ಇದ್ದಷ್ಟು ಬುದ್ಧಿಯೂ ನನಗಿಲ್ಲದೆ ಹೋಯಿತಲ್ಲ ಎಂದು ಹಣೆ ಚಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ. ಕ್ಯಾಮೆರಾ ಯಾಕೆ ಒಯ್ದೆನೋ ಗೊತ್ತಿಲ್ಲ, ಬರಿಗೈಯಲ್ಲಿ ಹೋಗಲು ಧೈರ್ಯವಿರಲಿಲ್ಲ. ಉಡುತಡಿ ಕಡೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಹಬ್ಬದ ಸುದ್ದಿ ತೆಗೆದಳು. ನಾನು ಹ್ಞೂಂ ಎನ್ನುತ್ತಾ ಅವ್ವನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಕ್ಯಾಮೆರಾ ಕೆಟ್ಟಿದೆ ಎನ್ನಲೇ? ಪ್ರಿಂಟ್ ಇನ್ನೂ ಬಂದಿಲ್ಲ ಎನ್ನಲೇ? ಯಾವುದನ್ನು ಹೇಳಿದರೂ ಅವಳು ಸೊಟ್ಟ ಬಾಯಿಯಿಂದ ಏನೋ ಕೇಳುತ್ತಾಳೆ, ನನಗೆ ಅರ್ಥವಾಗುವುದಿಲ್ಲ, ಅವಳು ಅಳುತ್ತಾಳೆ. ಶಿರಾಳಕೊಪ್ಪ ಬಂದರೂ ಒಂದು ಸುಳ್ಳೂ ಸರಿಹೋಗಿರಲಿಲ್ಲ.

ಸುಮ್ಮನಿರಲಾರದೆ ಕ್ಯಾಮೆರಾ ಆನ್ ಮಾಡಿದರೆ ಸೆಲ್ ಮುಗಿದಿತ್ತು. ಬ್ಯಾಗಿನಿಂದ ಹೊಸ ಸೆಲ್ ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ ಹಾಕುತ್ತಿದ್ದೆ. ಬಸ್ಸು ಗುಂಡಿಗೆ ಬಿದ್ದು ಎದ್ದಿತು. ಸೆಲ್ಲಿನ ಪಕ್ಕದಲ್ಲೇ ಇದ್ದ ಕಾರ್ಡಿಗೆ ಬೆರಳು ಒತ್ತಿ, ಅದು ಟಣ್ಣನೆ ಹಾರಿ ಸೀಟಿನ ಕೆಳಗೆ ಎಲ್ಲೋ ಬಿತ್ತು. ಬಗ್ಗಿದೆ, ಪಕ್ಕದವಳೂ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಜನರ ಕಾಲು, ಚೀಲಗಳ ನಡುವೆ ಏನೂ ಕಾಣಲಿಲ್ಲ. ಇದ್ದ ಮಾನದ ಜತೆ ಅಂಗಡಿಯ ಕಾರ್ಡೂ ಹೋಯಿತು ಎಂದು ಅಳು ಬಂತು. ಕ್ಯಾಮೆರಾ ಆದರೂ ಬದುಕಿದೆಯೇ ನೋಡೋಣವೆಂದು ಕಾರ್ಡಿಲ್ಲದೆಯೇ ಫೋಟೊ ನೋಡುವ ಗುಂಡಿ ಒತ್ತಿದೆ.

ಪರದೆಯ ಮೇಲೆ ಅವ್ವ ಬಂದಳು.

ಆಮೇಲೆ ಎಲ್ಲವೂ ನೆನಪಾಯಿತು. ಹಿಂದಿನ ವರ್ಷ ಗಿರಾಕಿಗಳ ಫೋಟೊ ಪ್ರಿಂಟ್ ಹಾಕುವುದು ಬಾಕಿ ಇದೆಯೆಂದು ಗಂಡ ಕಾರ್ಡನ್ನು ಕಿತ್ತಿಟ್ಟುಕೊಂಡು ಬರಿ ಕ್ಯಾಮೆರಾ ಕೊಟ್ಟಿದ್ದರು. ಕಾರ್ಡಿಲ್ಲದಾಗ ಈ ಕ್ಯಾಮೆರಾ ತನ್ನ ಹೊಟ್ಟೆಯಲ್ಲೇ ಒಂದಿಷ್ಟು ಫೋಟೊ ಇಟ್ಟುಕೊಳ್ಳುತ್ತದೆ. ಕಾರ್ಡು ಹಾಕಿದೊಡನೆ ಅವನ್ನು ತೋರಿಸುವುದಿಲ್ಲ. ಒಂದು ವರ್ಷ ಪೂರ್ತಿ ಅವ್ವ ಅದರೊಳಗೆ ಕೂತಿದ್ದಳು, ನಾನು ಅದೇ ಕ್ಯಾಮೆರಾ ಹಿಡಿದು ಊರವರಿಗೆಲ್ಲ ಗಲ್ಲ ಮೇಲೆತ್ತಿ ಎನ್ನುತ್ತಿದ್ದೆ. "ಸಿಕ್ತು, ಸಿಕ್ತು," ಎಂದು ಪಕ್ಕದವಳ ಕೈ ಹಿಡಿದುಕೊಂಡೆ. ಕಾರ್ಡು ಸಿಕ್ಕಿತೆಂದುಕೊಂಡು ಅವಳೂ ಖುಷಿಪಟ್ಟಳು.

ಸೊರಬ ಮುಟ್ಟುವ ಮೊದಲೇ ನನ್ನ ಖುಷಿ ಇಳಿಯಿತು. ಒಂದೊಂದೇ ಫೋಟೊ ಸರಿಸಿ ನೋಡಿದೆ. ಎಲ್ಲದರಲ್ಲೂ ತಲೆಯಿಂದ ಎದೆಯವರೆಗೆ ಅವ್ವ. ಎರಡೂ ಕಿವಿ ಕಾಣುವಂತೆ, ಮುಖ ನಟ್ಟನಡುವೆ. ಅಪ್ಪಟ ಪಾಸ್‌ಪೋರ್ಟ್ ಸೈಜು. ಬುಟ್ಟಿಯ ಬಾಯಂಚು ಮಾತ್ರ ಫೋಟೊದ ತಳದಲ್ಲಿ ಇಣುಕಿತ್ತು, ಅದರಡಿ ಗೊಂಬೆಗಳ ತಲೆಗಳು. ಜಡೆ ಒಂದರಲ್ಲೂ ಇಲ್ಲ. ಕಣ್ಣು ಮುಚ್ಚಿದ್ದಕ್ಕೆ ಒಂದು, ನಕ್ಕಿದ್ದಕ್ಕೆ ಒಂದು, ತಲೆ ವಾಲಿದ್ದಕ್ಕೆ ಒಂದು ಎಂದು ಮುಖವನ್ನೇ ತೆಗೆದು ತೆಗೆದು ಜಾಗ ತುಂಬಿಸಿದ್ದೆ. "ನನ್ ಮುಖ ಏನ್ ಮಾಡ್ತೀಯೆ, ಬುಟ್ಟಿ ತೆಗ್ಯೇ," ಎಂದು ಅವ್ವ ಅಂದು ಹೇಳಿದ್ದೂ ಈಗ ನೆನಪಿಗೆ ಬಂತು. ಅಷ್ಟರಲ್ಲಾಗಲೇ ಜಾಗವಿಲ್ಲ ಎಂದು ಕ್ಯಾಮೆರಾ ಹೇಳುತ್ತಿತ್ತು. "ಬುಟ್ಟಿನೂ ಬಂದಿದೆ ಬಿಡವ್ವ," ಎಂದು ಆಫ್ ಮಾಡಿದ್ದೆ.

ಮನೆ ಮುಟ್ಟಿದಾಗ ಅವ್ವ ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಎದುರಿಗೆ ಕೆಂಪು ಬುಟ್ಟಿ ಒಣಗಿ ಕಾದಿತ್ತು. ತಮ್ಮನ ಹೆಂಡತಿ ಬಿಳಿ ಅರೆದಿಟ್ಟುಕೊಂಡು, "ಪ್ರಿಂಟ್ ತಂದ್ರೇನ್ರಿ ಅಕ್ಕಾ?" ಎಂದಳು. ನಾನು ಬಸ್ಸಿನಲ್ಲಿ ತಿದ್ದಿಟ್ಟುಕೊಂಡ ಯಾವ ಸುಳ್ಳೂ ಬಾಯಿಗೆ ಬರಲಿಲ್ಲ. ಕ್ಯಾಮೆರಾವನ್ನೇ ಅವ್ವನ ಎಡಗೈಗೆ ಕೊಟ್ಟೆ.

ಅವಳು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ನೆಟ್ಟಗಿನ ಬಾಯಿಯ ತನ್ನ ಮುಖ ಕಂಡು ಅತ್ತಾಳು ಎಂದು ನಾನು ಕ್ಯಾಮೆರಾ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಆ ಮುಖವನ್ನು ಗಮನಿಸಲೇ ಇಲ್ಲ. ಹೆಬ್ಬೆರಳಿನಿಂದ ಪರದೆಯನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಏನು ಮಾಡುತ್ತಿದ್ದಾಳೆಂದು ನನಗೆ ತಡವಾಗಿ ತಿಳಿಯಿತು. ಬುಟ್ಟಿ ಕಾಣಲೆಂದು ತನ್ನ ಮುಖವನ್ನು ಪಕ್ಕಕ್ಕೆ ಸರಿಸಲು ನೋಡುತ್ತಿದ್ದಳು.

"ನಾ... ಅಡ್ಡ," ಎಂದಳು.

ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅವ್ವ ಮಂಚದ ಪಟ್ಟಿಗೆ ಬಡಿದು ಕುಂಚ ಕೇಳಿದಳು. ತಮ್ಮನ ಹೆಂಡತಿ ಬುಟ್ಟಿ ಎತ್ತಿ ಹಿಡಿದಳು. ಗೊಂಬೆ, ಸಸಿಗಳನ್ನು ಅವ್ವ ಅವಳಿಂದಲೇ ಬರೆಸಿದಳು, ಸರಿಯಿದ್ದರೆ ಹ್ಞೂಂ, ತಪ್ಪಿದರೆ ಊಹ್ಞೂಂ ಎನ್ನುತ್ತಾ. ಜಡೆಯ ಸರದಿ ಬಂದಾಗ ಕುಂಚವನ್ನು ತಾನೇ ಎಡಗೈಗೆ ತೆಗೆದುಕೊಂಡಳು. ಎಳೆಗಳು ನಡುಗಿದವು, ಒಂದು ಕಡೆ ದಪ್ಪ, ಒಂದು ಕಡೆ ದಾರದಷ್ಟು. ಅರ್ಧಕ್ಕೆ ನಿಂತು ಕಣ್ಣು ಮುಚ್ಚಿದಳು. ಮರೆತಳು, ಇನ್ನು ಬರುವುದಿಲ್ಲ ಎಂದುಕೊಂಡೆ. ಅವಳು ಕಣ್ಣು ಬಿಟ್ಟು ಮುಂದುವರಿಸಿದಳು. ಬಿಸಿಲು ಜಗಲಿ ಬಿಟ್ಟು ಇಳಿಯುವ ಹೊತ್ತಿಗೆ ಜಡೆ ಸೊಟ್ಟಸೊಟ್ಟಗೆ ಸುತ್ತಿ ಬಂದು ಹೊರಟಲ್ಲಿಗೇ ಕೂಡಿತು.

ಅವ್ವ ಬುಟ್ಟಿಯ ಕಡೆ ಗಲ್ಲ ಮಾಡಿ, ಕ್ಯಾಮೆರಾ ಕಡೆ ಕೈ ಮಾಡಿದಳು. ನಾನು ಹಿಡಿದು ಒತ್ತಿದೆ. ಜಾಗವಿಲ್ಲ ಎಂದಿತು.

"ತುಂಬ್ಹೋಗಿದೆ ಅವ್ವ. ನಿನ್ ಫೋಟೊನೇ ತುಂಬಿದೆ. ಅಳಿಸಿದ್ರೆ ಮಾತ್ರ ಜಾಗ."

ಅವಳು ಎಡ ಅಂಗೈಯನ್ನು ಕ್ಯಾಮೆರಾದ ಮೇಲಿಟ್ಟು, ಸಗಣಿ ಮೆತ್ತಿ ಕೆಮ್ಮಣ್ಣು ಬಳಿಯುವವಳ ಹಾಗೆ ಆಚೆಗೂ ಈಚೆಗೂ ಆಡಿಸಿದಳು.

"ಸಾರ್ಸು," ಎಂದಳು. ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾದ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ನಾನು ಕಣ್ಣು ಮುಚ್ಚಿದ ಫೋಟೊ ತೆರೆದೆ. ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ. ಅಂಗಡಿಯಲ್ಲಿ ಇಂಥ ಫೋಟೊವನ್ನು ನೋಡಿದ ಕೂಡಲೇ ಎಸೆಯುವವಳು ನಾನು. ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಬೆರಳು ಏಳಲೂ ಇಲ್ಲ, ಒತ್ತಲೂ ಇಲ್ಲ. ತಮ್ಮನ ಹೆಂಡತಿ ನನ್ನ ಮುಖ ನೋಡಿದವಳೇ ತನ್ನ ಫೋನ್ ತೆಗೆದು, ಬುಟ್ಟಿಯನ್ನು ಸುತ್ತಲೂ ತಿರುಗಿಸಿ, ಜಡೆಯ ಒಂದೆಳೆ ಬಿಡದೆ ಫೋಟೊ ಹೊಡೆದುಕೊಂಡಳು.

ಬುಟ್ಟಿಯ ಚಿತ್ತಾರ ಅವಳ ಫೋನಿನಲ್ಲಿ ಭದ್ರವಾಗಿದೆ. ಊರಿಂದ ಬಂದ ಮೇಲೆ ಅಂಗಡಿಗೆ ಹೊಸ ಕಾರ್ಡು ತರುತ್ತೇನೆಂದು ಗಂಡ ಹೇಳಿದರು, ನಾನು ಬೇಡವೆಂದೆ. ಈಗ ಫೋನಿನಲ್ಲೇ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತೇನೆ. ಕ್ಯಾಮೆರಾ ಬೀರುವಿನಲ್ಲಿ ಸೀರೆಗಳ ನಡುವೆ ಇದೆ. ಆಗಾಗ ಸೆಲ್ ಹಾಕಿ, ಒಂದು ಸಲ ಒತ್ತಿ ನೋಡುತ್ತೇನೆ. ಜಾಗವಿಲ್ಲ ಎನ್ನುತ್ತದೆ. ಸದ್ಯ ಎಂದುಕೊಂಡು ಆಫ್ ಮಾಡುತ್ತೇನೆ.