ಅವರೆಕಾಳು ಹಿತುಕುತ್ತ ಒಂದು ಸೈಕಾಲಜಿ ಪ್ರಾಕ್ಟಿಕಲ್

ಪ್ರಾಕ್ಟಿಕಲ್ಲೂ ಇಲ್ಲ, ಮಣ್ಣೂ ಇಲ್ಲ. ನನ್ನ ಮೊಮ್ಮಗಳು ತನಗೆ ಗೊತ್ತುಮಾಡಿದ್ದ ಮದುವೆಯನ್ನು ನನ್ನ ಬಾಯಿಂದಲೇ ಮುರಿಸಿದಳು. ಆದದ್ದು ಇಷ್ಟೆ.

ಪವಿತ್ರ ನನ್ನ ಮಗಳ ಮಗಳು. ಹೊಸೂರಿನ ಕಾಲೇಜಿನಲ್ಲಿ ಸೈಕಾಲಜಿ ಓದುತ್ತಾಳೆ. ಅವಳ ಅಪ್ಪ ಅಮ್ಮ ಇರುವುದು ಡೆಂಕಣಿಕೋಟೆ ಆಚೆ. ನಮ್ಮೂರು ಬೇರಿಕೆಯಿಂದ ಬಸ್ಸು ಸಲೀಸು ಅಂತ ನಮ್ಮ ಮನೆಯಲ್ಲಿದ್ದಾಳೆ. ನನ್ನ ಕಿರಿಮಗ ಮುನಿರಾಜುವೂ ಇದೇ ಮನೆಯಲ್ಲಿದ್ದಾನೆ. ಫ್ಯಾಕ್ಟರಿ ಕೆಲಸ, ಇನ್ನೂ ಮದುವೆಯಿಲ್ಲ. ಹುಡುಗಿ ದೊಡ್ಡವಳಾದಾಗ ಹಸಿ ಸೊಪ್ಪು ತಂದು ಅವಳನ್ನು ಕೂರಿಸಲು ಗುಡ್ಲು ಹಾಕಿದ ಸೋದರಮಾವ ಅವನೇ. ನಮ್ಮ ಕಡೆ ಗುಡ್ಲು ಹಾಕಿದವನಿಗೇ ಮೊದಲ ಹಕ್ಕು. ಡಿಗ್ರಿ ಮುಗಿದ ಕೂಡಲೇ ಮದುವೆ ಅಂತ ನಾನೂ ಮಗಳೂ ಮಾತಾಡಿಕೊಂಡಿದ್ದೆವು. (ಅವರಿಬ್ಬರನ್ನು ಕೇಳಿದಿರಾ ಅಂತೀರಾ? ಮನೆಯೊಳಗಿನ ಸಂಬಂಧಕ್ಕೆ ಕೇಳುವುದೇನು?)

ಈ ಓದಿನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಕಾಮರ್ಸ್ ಓದಿದವರು ಲೆಕ್ಕ ಬರೆಯುತ್ತಾರೆ, ನರ್ಸಿಂಗ್ ಓದಿದವರು ಸೂಜಿ ಚುಚ್ಚುತ್ತಾರೆ. ಇವಳು?

"ಮನುಷ್ಯರು ಯಾಕೆ ಹಿಂಗಾಡ್ತಾರೆ ಅಂತ ಓದ್ತೀವಜ್ಜಿ" ಅಂದಿದ್ದಳು.

ಅದಕ್ಕೆ ಮೂರು ವರ್ಷ ಬೇಕೆ? ಬೇರಿಕೆ ಬಸ್‌ಸ್ಟಾಪಿನಲ್ಲಿ ಒಂದು ಸಂಜೆ ಕೂತರೆ ಸಾಲದೆ?

ಹೋದ ಭಾನುವಾರ ಅವರೆಕಾಳು ಹಿತುಕಲು ಕೂತಿದ್ದೆ. ನೆನೆದ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವ ಕೆಲಸ. ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಊರಿನ ಎಷ್ಟೋ ಗುಟ್ಟು ನಾನು ಹೊರಡಿಸಿರುವುದು ಹೆಂಗಸರನ್ನು ಹೀಗೆ ಕಾಳಿಗೆ ಕೂರಿಸಿಕೊಂಡೇ. ಅಂಥದ್ದರಲ್ಲಿ ಪವಿತ್ರ ಫೋನು ಬಿಟ್ಟು ತಾನಾಗಿ ಬಂದು ಎದುರಿಗೆ ಕೂತಳು. ಆಗಲೇ ನನಗೆ ತಿಳಿಯಬೇಕಿತ್ತು.

"ಅಜ್ಜಿ, ಪ್ರಾಕ್ಟಿಕಲ್ ಐತೆ. ನೀನೇ ನನ್ ಸಬ್ಜೆಕ್ಟು."

"ಯಾಕೆ, ನಿಮ್ ಕಾಲೇಜ್ನಾಗೆ ಇಲಿ ಎಲ್ಲ ಸತ್ತೋದ್ವಾ?"

"ಇಲಿ ಮಾತಾಡಲ್ವಲ್ಲಜ್ಜಿ."

ಒಂದಷ್ಟು ಪದ ಓದಿ, ತಿರುಗಿ ಹೇಳು ಅಂದಳು. ಹೇಳಿದೆ. ಸರಿ, ಪ್ರಾಕ್ಟಿಕಲ್ಲೇ ಇರಬೇಕು ಅಂದುಕೊಂಡೆ. ಆಮೇಲೆ ಮೆಲ್ಲಗೆ ಶುರುವಾಯಿತು.

"ನನ್ನಷ್ಟಿದ್ದಾಗ ನಿಂಗೇನ್ ಆಸೆ ಇತ್ತಜ್ಜಿ?"

"ಆಸೆ ಎಲ್ಲಿಂದ್ ಬತ್ತದೆ? ಅಷ್ಟೊತ್ಗೆ ನಿಮ್ಮಮ್ಮ ನನ್ ಕಂಕುಳಾಗಿದ್ಲು."

"ತಾತ ನಿಂಗೆ ಸ್ವಂತ ಮಾವ ಅಲ್ವಾ? ನೀನ್ ಒಪ್ಕಂಡಿದ್ದಾ?"

ನಾನು ಇನ್ನೊಂದು ಹಿಡಿ ಕಾಳು ಮುಂದಕ್ಕೆಳೆದುಕೊಂಡೆ. ಅವಳು ಮತ್ತೆ ಕೇಳಲೂ ಇಲ್ಲ, ಏನನ್ನೂ ಬರೆದುಕೊಳ್ಳಲೂ ಇಲ್ಲ. ಕಾಳು ಹಿತುಕುತ್ತ ಸುಮ್ಮನೆ ಕೂತಳು. ಇದೆಂಥ ಪರೀಕ್ಷೆ? ಬೈದರೆ ತಿರುಗಿ ಬೈಯಬಹುದು. ಸುಮ್ಮನಿರುವವರನ್ನು ಏನು ಮಾಡುವುದು? ಕೊನೆಗೆ ನನಗೇ ತಡೆಯಲಾಗಲಿಲ್ಲ.

"ನನ್ನ ಯಾರೇ ಕೇಳುದ್ರು? ಎತ್ತಿ ಆಡ್ಸಿದ್ ಮಾವ. ಪಕ್ಕದಾಗೆ ಕೂರುಸ್ಬುಟ್ಟು ತಾಳಿ ಕಟ್ಸುದ್ರು. ಅವ್ನ್ ಮಕ ನೋಡಾಕೇ ಒಂದ್ ವರ್ಸ ಆಗ್ಲಿಲ್ಲ ನಂಗೆ. ಯಾವ್ ಹುಡ್ಗೀಗೂ ಬ್ಯಾಡ ಅದು" ಅಂದುಬಿಟ್ಟೆ.

"ಯಾವ್ ಹುಡ್ಗೀಗೂನಾ?"

ಪವಿತ್ರ ತಲೆ ಎತ್ತಿರಲಿಲ್ಲ. ಆದರೆ ಅವಳ ಬೆರಳಿಂದ ಕಾಳು ಚಿಮ್ಮಿ ಹೊಸ್ತಿಲಾಚೆ ಬಿತ್ತು. ಆಗ ನನಗೆ ಹೊಳೆಯಿತು.

"ಇದ್ನೂ ನಿಮ್ ಮೇಡಮ್ಮೇ ಕೇಳ್ಕಂಬಾ ಅಂದ್ರೇನೇ, ಕಳ್ಳಿ?"

"ಪದ ಹೇಳ್ಸಿದ್ದು ಮೇಡಮ್ದು. ಮಿಕ್ಕಿದ್ದು ನಂದು."

ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಅತ್ತಿದ್ದರೆ ಎರಡು ಮಾತು ಬೈದು ಮದುವೆ ಮಾಡಿಬಿಡುತ್ತಿದ್ದೆ. ಈಗ ನಾನೇ ಆಡಿದ ಮಾತನ್ನು ನಾನು ಹೇಗೆ ನುಂಗಲಿ?

ಇನ್ನೊಂದು ಅನುಮಾನವೂ ಕೊರೆಯತೊಡಗಿತು. ಅವಳೊಬ್ಬಳದೇ ಕೆಲಸವೋ, ಮುನಿರಾಜುವೂ ಸೇರಿ ಹೂಡಿದ ಆಟವೋ?

ಮಾರನೆಯ ಬೆಳಿಗ್ಗೆ ಶಿಫ್ಟಿಗೆ ಹೊರಟಿದ್ದ ಮುನಿರಾಜುವನ್ನು ಕೂರಿಸಿ, ಮಿಕ್ಕಿದ್ದ ಕಾಳಿನ ಬೋಸಿಯನ್ನು ಮುಂದಿಟ್ಟೆ.

"ಹಿತುಕ್ಲಾ."

"ಕಂಪ್ನಿ ಬಸ್ ಹೋಗ್ಬುಡ್ತದಮ್ಮ!"

"ಹೋದ್ರೆ ಹೋಗ್ಲಿ. ಪವಿತ್ರನ್ ಮದ್ವೆ ಆಗಾಕೆ ನಿಂಗೆ ಮನಸೈತಾ?"

ಕೇಳಿ ಬಾಯಿ ಮುಚ್ಚಿಕೊಂಡೆ. ಅವನು ಒಂದು ಕಾಳು ಹಿತುಕಿದ. ಇನ್ನೊಂದನ್ನು ಜಜ್ಜಿ ಹಾಕಿದ. ಆಚೆ ಬಸ್ಸು ಹಾರನ್ ಹೊಡೆಯಿತು.

"ಚಿಕ್ಕದ್ರಾಗೆ ಇಲ್ಲಿದ್ದಾಗ ಅದ್ನ ಹೆಗಲ ಮ್ಯಾಲೆ ಕೂರುಸ್ಕಂಡು ಬಾಲವಾಡಿಗೆ ಬುಟ್ಬತ್ತಿದ್ದೋನು ಕಣಮ್ಮ ನಾನು. ಹೆಂಗಮ್ಮ ಆಯ್ತದೆ?" ಅಂದವನೇ ಬಸ್ಸಿಗೆ ಓಡಿದ.

ನಾನು ಮಗಳಿಗೆ ಫೋನು ಹಚ್ಚಿ, ಮದುವೆ ವಿಚಾರ ಮಾತಾಡುವುದಿದೆ, ಕೂಡಲೇ ಹೊರಟು ಬಾ ಅಂದು, ಇನ್ನೊಂದು ಸೇರು ಅವರೆಕಾಳು ನೆನೆಹಾಕಿದೆ.