ಅವ್ವನ ಬೆನ್ನಿಗೆ ಎರಡು ಪ್ರಶ್ನೆ

ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಚೆನ್ನಾಗಿದ್ದಾಗ ಅದರ ಒಳಭಾಗ ಎಳನೀರಿನ ಗಂಜಿಯಂತೆ ನೀರು ಹಿಡಿದುಕೊಂಡಿರುತ್ತದೆ, ಸವೆದರೆ ಒಣಗಿ ನಾರಾಗುತ್ತದೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದ ಅಂಥ ಚೂರನ್ನು ಬಿಸಾಡದೆ ಸಂಶೋಧನೆಗೆಂದು ನನ್ನ ಕೈಗೆ ಕೊಡುತ್ತಾರೆ. ಹೊಗೆಯಾಡುವ ದ್ರವ ಸಾರಜನಕಕ್ಕೆ ಅದನ್ನು ತಕ್ಷಣ ಹಾಕುವುದು ನನ್ನ ಕೆಲಸ. ಆಮೇಲೆ ಅದರಲ್ಲಿ ಯಾವ ಜೀನು ಚುರುಕಾಗಿದೆ, ಯಾವುದು ಸುಮ್ಮನಾಗಿದೆ, ನೀರು ಹಿಡಿದಿಡುವ ಪ್ರೋಟೀನು ಎಷ್ಟು ಉಳಿದಿದೆ ಎಂದು ಪಟ್ಟಿ ಮಾಡುತ್ತೇವೆ.

ಪ್ರತಿ ಚೂರಿನ ಜೊತೆಗೂ ಒಂದು ಫಾರಂ ಇರುತ್ತದೆ. ಅದರಲ್ಲಿ ಎರಡು ಪ್ರಶ್ನೆ ಮುಖ್ಯ. ಭಾರ ಹೊರುವ ಕೆಲಸ ಮಾಡಿದ್ದೀರಾ? ಮನೆತನದಲ್ಲಿ ಯಾರಿಗಾದರೂ ಈ ನೋವಿತ್ತೇ? ಇವೆರಡನ್ನು ಸರಿಯಾಗಿ ತುಂಬದೆ ತಂದವರ ಮೇಲೆ ನಾನು ಹರಿಹಾಯುತ್ತೇನೆ. ಬೆನ್ನ ಹಿಂದೆ ನನ್ನನ್ನು ಹೆಡ್‌ಮೇಡಂ ಅನ್ನುತ್ತಾರೆಂದು ಗೊತ್ತು. ಅನ್ನಲಿ.

ಕಳೆದ ವರ್ಷ ಅವ್ವನ ಸರದಿ ಬಂತು. ಎಡಗಾಲು ಜೋಮು ಹಿಡಿದು ಕೂರಲೂ ಆಗದಂತಾಗಿತ್ತು. ತಮ್ಮವರ ಚೂರನ್ನು ತಾವು ಮುಟ್ಟಬಾರದೆಂಬ ನಿಯಮ ನಮ್ಮಲ್ಲಿದೆ. ಹಾಗಾಗಿ ಆಪರೇಷನ್ನಿನ ಹಿಂದಿನ ದಿನ ಗೆಳತಿಯೊಬ್ಬಳು, ನನ್ನ ಜೊತೆ ಕೆಲಸ ಮಾಡುವವಳು, ಫಾರಂ ಹಿಡಿದು ಅವ್ವನ ಮಂಚದ ಪಕ್ಕ ಕೂತಳು. ನಾನು ಕಿಟಕಿ ಹತ್ತಿರ ಮೋಸಂಬಿ ಸುಲಿಯುತ್ತಿದ್ದೆ.

ಭಾರ ಹೊತ್ತಿಲ್ಲ ಎಂದಳು ಅವ್ವ. ನಮ್ಮವ್ವನಿಗೂ ಹಿಂಗೇ ಸೊಂಟ ಬಿದ್ದಿತ್ತು, ಇದು ನಮ್ಮ ವಂಶದ್ದು ಎಂದೂ ಸೇರಿಸಿದಳು.

ನನ್ನ ಕೈ ನಿಂತಿತು. ಮಂಡಕ್ಕಿ ಭಟ್ಟಿಯಲ್ಲಿ ನೆನೆಸಿದ ಭತ್ತದ ಚೀಲವನ್ನು ಬೆನ್ನಿಗೇರಿಸಿಕೊಂಡು ಒಲೆಯವರೆಗೆ ನಡೆದ ಹೆಂಗಸು ಇವಳು. ಸಂಜೆ ಮನೆಗೆ ಬಂದರೆ ಸೀರೆಯಿಂದ ಹೊಟ್ಟಿನ ವಾಸನೆ ಬರುತ್ತಿತ್ತು. ಆ ವಾಸನೆ ಬಂದಾಗಲೇ ನಾನು ಪುಸ್ತಕ ಮುಚ್ಚಿ ಅವಳ ಬಳಿ ಓಡುತ್ತಿದ್ದದ್ದು. ಗೆಳತಿಯ ಮುಂದೆ ಭಟ್ಟಿ ಕೆಲಸ ಹೇಳಿಕೊಳ್ಳಲು ನಾಚಿಕೆಯಿರಬೇಕು ಅಂದುಕೊಂಡೆ. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು, ಹಾಗಾಗಿ ವಂಶದ ಮಾತನ್ನು ನಂಬಿದೆ. ಮರುದಿನ ಆಪರೇಷನ್ ಎಂದು ಸುಮ್ಮನಾದೆ.

ಆಪರೇಷನ್ ಚೆನ್ನಾಗಿ ಆಯಿತು. ಹದಿನೈದು ದಿನ ಕಳೆದ ಮೇಲೆ ಹರಿಹರದಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ರೊಟ್ಟಿ ಗಂಟು ಕಟ್ಟಿಕೊಂಡು ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದಳು. ಮಾತಿಗೆ ಮಾತು ಬಂದು ಅಜ್ಜಿಯ ಸೊಂಟದ ವಿಷಯ ಕೇಳಿದೆ. ದೊಡ್ಡವ್ವ ನಕ್ಕುಬಿಟ್ಟಳು.

"ನಮ್ಮವ್ವಗೆ ಯಾವ ಸೊಂಟ ನೋವು? ಹೊಳಿಂದ ಎರಡು ಕೊಡ ನೀರು ಒಟ್ಟಿಗೆ ತರ್ತಿದ್ಲು. ಸಾಯೋತನಕ ನೆಟ್ಟಗೇ ನಡೆದ್ಲು."

ಅವ್ವ ಗೋಡೆ ಕಡೆ ಹೊರಳಿದಳು.

ದೊಡ್ಡವ್ವನನ್ನು ಹರಿಹರದ ಬಸ್ಸು ಹತ್ತಿಸಿ ಬರುವಾಗ ನನಗೆ ಬಂದದ್ದು ಸಿಟ್ಟೇ. ಫಾರಂ ಕೆಡಿಸಿದಳಲ್ಲ ಎಂಬ ಸಿಟ್ಟು. ಚಪ್ಪಲಿ ಬಿಡುತ್ತಲೇ ಕೇಳಿದೆ, ಯಾಕೆ ಹಾಗೆ ಬರೆಸಿದೆ ಎಂದು. ಅವ್ವ ಆಪರೇಷನ್ ಆದ ಮೇಲೆ ಸೊಂಟಕ್ಕೆ ಕೊಟ್ಟಿದ್ದ ಬೆಲ್ಟಿನ ಪಟ್ಟಿ ಬಿಚ್ಚಿ ಕಟ್ಟಿ ಮಾಡಿದಳು.

"ಹೊತ್ತಿದ್ದಕ್ಕೇ ಸವೀತು ಅಂತ ನಿನ್ನ ಮಷೀನು ಹೇಳ್ತು ಅನ್ಕೊ. ಯಾರ ಸಲುವಾಗಿ ಹೊತ್ಲು ಅಂತ ನಿಂಗೆ ಸಂಕಟ ಆಗಲ್ಲೇನು? ಅದು ನಿನ್ನ ಕೈಗೇ ಸಿಗೋದು ಬ್ಯಾಡ ಅಂತ ನಮ್ಮವ್ವನ ಮ್ಯಾಲೆ ಹಾಕಿದೆ."

ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳ ಪಕ್ಕ ಕೂತೆ. ಒಬ್ಬರ ಚೂರಿನಿಂದ ಮಷೀನು ಹಾಗೆಲ್ಲ ತೀರ್ಪು ಕೊಡುವುದಿಲ್ಲ, ಎಷ್ಟೋ ಜನರ ಪಟ್ಟಿ ಒಟ್ಟಿಗಿಟ್ಟು ನೋಡಬೇಕು, ಆಗಲೂ ಭಾರ, ವಂಶ, ವಯಸ್ಸು ಎಲ್ಲ ಒಂದರೊಳಗೊಂದು ಬೆರೆತಿರುತ್ತವೆ ಎಂದು ತಿಳಿಸಿ ಹೇಳಿದೆ. ಆಮೇಲೆ ಸ್ವಲ್ಪ ಚೇಷ್ಟೆಗೆ, ಅಜ್ಜಿಯಿಂದ ನಿನಗೆ ಬಂದಿದ್ದರೆ ನಿನ್ನಿಂದ ನನಗೂ ಬರಬಹುದಲ್ಲ, ಹದಿನೈದು ದಿನದಿಂದ ಬಗ್ಗಿ ಎದ್ದಾಗಲೆಲ್ಲ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ ಎಂದೆ. ಚೇಷ್ಟೆಯೇನೋ ಹೌದು, ಆದರೆ ನಿಜಕ್ಕೂ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅವ್ವನ ಮುಖ ಇಳಿದುಹೋಯಿತು. ನನಗೆ ಸಂಕಟ ತಪ್ಪಿಸಲು ಹೋಗಿ ರೋಗವನ್ನೇ ಕೊಟ್ಟಂತಾಯಿತೆಂದು ಅವಳಿಗೆ ಹೊಳೆದೇ ಇರಲಿಲ್ಲ. ನನ್ನ ಬೆನ್ನ ಮೇಲೆ ಕೈಯಾಡಿಸಿ ಮೇಲಿಂದ ಕೆಳಗಿನವರೆಗೆ ಒತ್ತಿ ನೋಡಿದಳು.

"ಫೋನ್ ಹಚ್ಚು ಆ ಹುಡುಗಿಗೆ. ಸುಳ್ಳು ಬರೆಸೀನಿ ಅಂತ ನಾನೇ ಹೇಳ್ತೀನಿ."

ಹಚ್ಚಿ ಸ್ಪೀಕರಿಗೆ ಹಾಕಿದೆ. ಅವ್ವ ತಪ್ಪೊಪ್ಪಿಕೊಂಡಳು. ತನ್ನ ತಾಯಿಗೆ ಏನೂ ಇರಲಿಲ್ಲ, ವಂಶದಲ್ಲಿ ಯಾರಿಗೂ ಇಲ್ಲ, ತಾನು ಭಟ್ಟಿಯಲ್ಲಿ ದಿನಾ ಚೀಲ ಹೊತ್ತದ್ದು ನಿಜ ಎಂದು ಒಂದೊಂದೇ ಬಿಡಿಸಿ ಹೇಳಿದಳು. ಗೆಳತಿ ಬೈಯಲಿಲ್ಲ. ಎಷ್ಟು ವರ್ಷ ಹೊತ್ತಿರಿ ಎಂದು ಮಾತ್ರ ಕೇಳಿದಳು.

ಅವ್ವನಿಗೆ ವರ್ಷ ಎಣಿಸುವ ರೂಢಿಯಿಲ್ಲ. ನನ್ನನ್ನೊಮ್ಮೆ ನೋಡಿ ಹೇಳಿದಳು.

"ಇವಳನ್ನ ಒಂದನೇ ಕ್ಲಾಸಿಗೆ ಹಾಕಿದಾಗಿಂದ ಎಮ್ಮೆಸ್ಸಿ ಮುಗಿಯೋತನಕ ರೀ."

ಫೋನಿನ ಆ ಕಡೆ ಪೆನ್ನು ಕಾಯುತ್ತಿತ್ತು. ವರ್ಷ ಎಷ್ಟಾಯಿತು ಎಂದು ಗೆಳತಿ ಮೆಲ್ಲಗೆ ಮತ್ತೆ ಕೇಳಿದಳು. ಅವ್ವನ ಕೈ ಇನ್ನೂ ನನ್ನ ಬೆನ್ನ ಮೇಲಿತ್ತು. ಹದಿನೇಳು ಎಂದು ನಾನೇ ಹೇಳಿದೆ.