ಅರಿಶಿನ ಹಚ್ಚಿದ ಕಾರ್ಡು

ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ತಂದೆಯವರು ನನ್ನ ಬೆರಳು ಹಿಡಿದು ಮೊದಲು ಬರೆಸಿದ್ದು ಶ್ರೀಕಾರ. ಅಂದಿನಿಂದ ಶ್ರೀಕಾರವಿಲ್ಲದೆ ನಾನು ಯಾವ ಬರಹವನ್ನೂ ಆರಂಭಿಸಿದವನಲ್ಲ. ದಿನಸಿಯ ಚೀಟಿಯಾದರೂ ಸರಿ, ಪರೀಕ್ಷೆಯ ಉತ್ತರಪತ್ರಿಕೆಯಾದರೂ ಸರಿ. ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣಗಳನ್ನು ಓದಿ, ಆಮೇಲೆ ಗಣಿತದ ಪದವಿ ಪಡೆದು, ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಮೇಷ್ಟರಾದ ಮೇಲೂ ಕರಿಹಲಗೆಯ ನೆತ್ತಿಯಲ್ಲಿ ಅದು ಇರಲೇಬೇಕಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ವಿಶ್ವವಿದ್ಯಾಲಯದವರು ಗಣಿತದ ಅಧ್ಯಾಪಕರಿಗೆಂದು ಬೆಂಗಳೂರಿನಲ್ಲಿ ಶನಿವಾರಗಳಂದು ಕಂಪ್ಯೂಟರ್ ಪ್ರೋಗ್ರಾಮಿಂಗಿನ ಆರಂಭಿಕ ತರಗತಿಯೊಂದನ್ನು ನಡೆಸಿದರು. ಆಗ ತಾನೇ ತೆರೆದಿದ್ದ ಒಂದು ಕಾಲೇಜಿನ ಪ್ರಿನ್ಸಿಪಾಲರು, ಅಲ್ಲಿಯ ಪ್ರಮಾಣಪತ್ರ ತಂದರೆ ಗಣಿತದ ಉಪನ್ಯಾಸಕನ ಹುದ್ದೆ ನನಗೇ ಎಂದಿದ್ದರು. ಆ ವರ್ಷ ತಪ್ಪಿದರೆ ನನಗೆ ವಯೋಮಿತಿ ಮೀರುತ್ತಿತ್ತು. ಹೀಗಾಗಿ ತೂಬಗೆರೆಯ ಮನೆಯಿಂದ ನಸುಕಿನಲ್ಲೇ ಹೊರಟು, ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಬಸ್ಸಿಗೆ ಕಾಯುವಷ್ಟು ಹೊತ್ತೂ ಬೀದಿಯ ಮಗ್ಗಗಳ ಸದ್ದು ಎದೆಬಡಿತಕ್ಕೆ ತಾಳ ಹಾಕುವಂತಿರುತ್ತಿತ್ತು.

ಯಂತ್ರವನ್ನು ನಾವು ಮುಟ್ಟುವಂತಿರಲಿಲ್ಲ. ಗಾಜಿನ ಗೋಡೆಯಾಚೆ, ತಂಪು ಮಾಡಿದ ಕೋಣೆಯಲ್ಲಿ ಅದು ಗರ್ಭಗುಡಿಯ ಮೂರ್ತಿಯಂತೆ ಪ್ರತಿಷ್ಠಿತವಾಗಿತ್ತು. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ಅಕ್ಷರಗಳಿಗೆ ತಕ್ಕಂತೆ ಅದರಲ್ಲಿ ತೂತು ಹೊಡೆದು, ಕಟ್ಟು ಕಟ್ಟಿ, ಕಿಟಕಿಯಲ್ಲಿ ಒಪ್ಪಿಸಬೇಕು. ಫಲ ಅಚ್ಚಾಗಿ ಕೈಗೆ ಬರುವವರೆಗೆ ಕಾಯಬೇಕು. ಆ ಕಾಯುವಿಕೆ ನನ್ನ ನಿದ್ರೆಯನ್ನೂ ಕೆಡಿಸಿತ್ತು, ಸಂಧ್ಯಾವಂದನೆಯ ಏಕಾಗ್ರತೆಯನ್ನೂ ಕೆಡಿಸಿತ್ತು.

ನನ್ನ ಮೊದಲ ಕಟ್ಟನ್ನು ಯಂತ್ರ ತಿರಸ್ಕರಿಸಿತು. ನಮಗೆ ಪಾಠ ಹೇಳುತ್ತಿದ್ದ ತರುಣ ಅಧ್ಯಾಪಕರು ಅಚ್ಚಾದ ಹಾಳೆಯನ್ನು ಹಿಡಿದು ಬಂದರು.

"ಮೇಷ್ಟ್ರೇ, ಮೊದಲ್ನೇ ಕಾರ್ಡಲ್ಲಿ ಇದೇನ್ರೀ, ಶ್ರೀ ಅಂತ ಇಂಗ್ಲಿಷಲ್ಲಿ ಹೊಡ್ಸಿದೀರಿ?"

"ಆರಂಭಕ್ಕೆ ಇರ್ಲಿ ಅಂತ, ಸಾರ್."

"ಅದು ಅಪ್ಪಣೆ ಅನ್ಕೊಂಡು ಪಾಲಿಸೋಕೆ ಹೋಗಿದೆ ಪಾಪ. ಏನ್ ಮಾಡ್ಬೇಕು ಅಂತ ತಿಳೀದೆ ಕೂತಿದೆ."

ತರಗತಿಯೆಲ್ಲ ನಕ್ಕಿತು. ಅವರು ಮಾತ್ರ ನನ್ನ ಮುಖ ನೋಡಿ, ಸ್ವರ ತಗ್ಗಿಸಿ ಉಪಾಯ ಹೇಳಿಕೊಟ್ಟರು. ಕಾರ್ಡಿನ ಮೊದಲ ಮನೆಯಲ್ಲಿ 'ಸಿ' ಅಕ್ಷರ ಹೊಡೆದರೆ ಆ ಸಾಲು ಮನುಷ್ಯರ ಟಿಪ್ಪಣಿಯೆಂದು ಯಂತ್ರ ಬಗೆಯುತ್ತದೆ. ಹಾಗೆಯೇ ಅಚ್ಚು ಮಾಡುತ್ತದೆ, ಆದರೆ ಪಾಲಿಸಲು ಹೋಗುವುದಿಲ್ಲ. ಮುಂದಿನ ವಾರ ಹಾಳೆಯ ನೆತ್ತಿಯಲ್ಲಿ ಶ್ರೀಕಾರ ಅಚ್ಚಾಗಿ ಬಂದಾಗ, ಎರಡು ಲೋಕಗಳ ನಡುವೆ ಸಂಧಿಯಾಯಿತೆಂದು ಸಮಾಧಾನಪಟ್ಟೆ.

ಕೊನೆಯ ಪರೀಕ್ಷೆ ಬಂತು. ತರಗತಿಯೊಂದರ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮು. ಯಂತ್ರ ಅದನ್ನು ಒಂದೇ ಬಾರಿ ಓಡಿಸುತ್ತದೆ. ಫಲ ಬಂದರೆ ಪ್ರಮಾಣಪತ್ರ, ಬಾರದಿದ್ದರೆ ಇಲ್ಲ. ಕಾರ್ಡುಗಳ ಕಟ್ಟನ್ನು ಹಿಂದಿನ ಸಂಜೆ ದೇವರ ಮುಂದೆ ಇಟ್ಟಿದ್ದೆ. ಬೆಳಿಗ್ಗೆ ಅಮ್ಮ ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಕೈಗಿತ್ತಾಗ ಬಸ್ಸಿನ ಆತುರದಲ್ಲಿ ಬಿಚ್ಚಿ ನೋಡಲಿಲ್ಲ.

ಕಿಟಕಿಯಲ್ಲಿದ್ದ ಗುಮಾಸ್ತರು ಗಂಟು ಬಿಚ್ಚಿದರು. ಮೇಲಿನ ಕಾರ್ಡಿನ ಮೂಲೆಮೂಲೆಗೂ ಕಲಸಿದ ಅರಿಶಿನ. ಹೊಸ ಬಟ್ಟೆಗೂ ಲಗ್ನಪತ್ರಿಕೆಗೂ ಹಾಗೆ ಹಚ್ಚದೆ ಅಮ್ಮ ಮನೆಯಿಂದ ಹೊರಗೆ ಕಳಿಸಿದವರಲ್ಲ.

"ಏನ್ ಸಾರ್ ಇದು, ಯಂತ್ರಕ್ಕೆ ಮದುವೇನಾ?"

"ಅಮ್ಮ ಹಚ್ಚಿದಾರೆ."

"ಅಮ್ಮೋರು ಹಚ್ಚಿರೋದು ಸರಿ, ಒದ್ದೆ ಕಾರ್ಡ್ ಒಳಗ್ ಹೋದ್ರೆ ಕಚ್ಕೊಂಡ್ ನಿಂತ್ಬಿಡುತ್ತೆ. ಆಮೇಲೆ ನನ್ ಕೆಲ್ಸಕ್ಕೆ ಅರಿಶಿನ ಕುಂಕುಮ ಕೊಟ್ಟು ಕಳಿಸ್ಬೇಕಷ್ಟೆ. ಇದನ್ನ ತೆಗೀರಿ, ತಗೋತೀನಿ."

ಅದು ಶ್ರೀಕಾರದ ಕಾರ್ಡು. ಹೊಸದನ್ನು ಹೊಡೆಸೋಣವೆಂದರೆ ಪಂಚಿಂಗ್ ಕೋಣೆಯ ಮುಂದೆ ಉದ್ದನೆಯ ಸಾಲು; ಕಿಟಕಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಯಂತ್ರ ಅದನ್ನು ಹೇಗೂ ಪಾಲಿಸುವುದಿಲ್ಲ, ಅದಿಲ್ಲದಿದ್ದರೂ ಉತ್ತರ ಬದಲಾಗುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಕೈ ಮಾತ್ರ ಏಳಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. ಕಣ್ಣು ಮುಚ್ಚಿ ಕಾರ್ಡನ್ನು ತೆಗೆದು ಜೇಬಿಗಿಟ್ಟೆ.

ಗುಮಾಸ್ತರು ಉಳಿದ ಕಾರ್ಡುಗಳನ್ನು ಬೆಳಕಿಗೆ ಹಿಡಿದರು. "ಎರಡನೇದರ ಮೂಲೆಗೂ ತಾಗಿದೆ. ಒಣಗಿದ ಹಾಗಿದೆ, ನೋಡೋಣ."

ಆ ಮಧ್ಯಾಹ್ನವನ್ನು ಹೇಗೆ ಕಳೆದೆನೋ. ಬುತ್ತಿ ಬಿಚ್ಚಲಿಲ್ಲ. ಮೊಗಸಾಲೆಯಲ್ಲಿ ಆಚೀಚೆ ನಡೆದೆ, ಕೂತೆ, ಮತ್ತೆ ಎದ್ದೆ. ಗಾಯತ್ರಿಯನ್ನು ಹಿಡಿದರೆ ಎಣಿಕೆ ತಪ್ಪುತ್ತಿತ್ತು. ಬಿಟ್ಟರೆ ತಪ್ಪು ಮಾಡಿದಂತಾಗುತ್ತಿತ್ತು. ಗಾಜಿನಾಚೆ ಕಾರ್ಡುಗಳು ಸರಸರನೆ ಒಳಗೆ ಸರಿಯುತ್ತಿದ್ದವು. ಯಾವುದು ನನ್ನ ಕಟ್ಟೆಂದು ತಿಳಿಯದೆ ಪ್ರತಿಯೊಂದಕ್ಕೂ ಉಸಿರು ಹಿಡಿದೆ. ಒಮ್ಮೆ ಯಂತ್ರ ನಿಂತೇಹೋಯಿತು. ಒಬ್ಬಾತ ಬಂದು ಏನನ್ನೋ ಎಳೆದು ತೆಗೆದ. ನನ್ನ ಕೈ ಮತ್ತೆ ಮತ್ತೆ ಜೇಬಿಗೆ ಹೋಗಿ ಆ ಕಾರ್ಡನ್ನು ತಡವುತ್ತಿತ್ತು.

ಸಂಜೆಯಾಗುವ ಮುನ್ನ ಅಧ್ಯಾಪಕರು ಮಡಿಚಿದ ಹಾಳೆಗಳೊಂದಿಗೆ ಬಂದರು. ಕಿಟಕಿಯ ಅರಿಶಿನದ ಸುದ್ದಿ ಅವರಿಗೂ ಮುಟ್ಟಿತ್ತು. ನನ್ನದನ್ನು ಕೈಗೆ ತೆಗೆದುಕೊಂಡೆ. ಬಿಚ್ಚುವ ಧೈರ್ಯವಾಗಲಿಲ್ಲ. ಮಸಿಯ ಪೆನ್ನು ತೆಗೆದು, ಮಡಿಕೆಯ ನೆತ್ತಿಯಲ್ಲಿ ಮೊದಲು ಶ್ರೀಕಾರ ಬರೆದೆ.

"ಉತ್ತರ ನೋಡಿ ಬರೀರಿ ಮೇಷ್ಟ್ರೇ," ಎಂದರು ಅವರು.

"ಆಮೇಲೆ ಬರೆದ್ರೆ ಅದು ಆರಂಭ ಆಗಲ್ಲ, ಸಾರ್."

ಬಿಚ್ಚಿದೆ. ಅಂಕಗಳು ಕಿರಿದರಿಂದ ಹಿರಿದಕ್ಕೆ, ಒಂದರ ಕೆಳಗೊಂದು, ವಿನಯದಿಂದ ನಿಂತಿದ್ದವು. ಹಾಳೆಯನ್ನು ಅವರಿಗೆ ಒಪ್ಪಿಸಿದೆ. ಅವರು ಉತ್ತರವನ್ನು ಸರಿನೋಡಿ ರುಜು ಹಾಕಿದರು; ಹಾಳೆಯ ಅಂಚನ್ನು ನೋಡಿ ನಕ್ಕರು. ಜೇಬಿನ ಕಾರ್ಡನ್ನು ತಡವಿ ತಡವಿ ಬೆವೆತಿದ್ದ ನನ್ನ ಬೆರಳುಗಳು ಅಲ್ಲಿ ಹಳದಿ ಗುರುತು ಬಿಟ್ಟಿದ್ದವು.

"ಕೊನೆಗೂ ಹಚ್ಚೇಬಿಟ್ರಲ್ಲ."